ಮಣ್ಣು ಕೊಟ್ಟ ಕಣ್ಣು

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲ ದಿನ ಸುತ್ತಲೂ ನೋಡಿ ಕೇಳುವ ಪ್ರಶ್ನೆ ಒಂದೇ. "ಪೇಷಂಟ್‌ಗಳು ಎಲ್ಲಿ ಕೂಡ್ತಾರ್ರಿ ಮ್ಯಾಡಂ?" ಪೇಷಂಟ್‌ಗಳು ಇಲ್ಲಿ ಕೂಡುವುದಿಲ್ಲ, ಕಪಾಟಿನಲ್ಲಿ ಬಾಟಲಿಗಳು ಕೂತಿವೆ, ಇನ್ನು ಮೇಲೆ ಅವೇ ನಿಮ್ಮ ಬಳಗ ಎಂದು ಹೇಳಿದರೆ ಪಾಪ, ಅವರ ಮುಖ ಸಣ್ಣದಾಗುತ್ತದೆ. ಮನೆಯವರು ಡಾಕ್ಟರಾಗು ಎಂದು ಕಳಿಸಿದ್ದು ಇದಕ್ಕೇನಾ ಎಂದು ಒಳಗೊಳಗೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿರುವ ನಾನು ಆ ಹುಡುಗರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವನ್ನೆಲ್ಲ ಬಿಟ್ಟಿದ್ದೇನೆ. ಶಾಲು ಹೊದೆಯುವಷ್ಟು ಚಳಿ ನಮ್ಮ ಕಲಬುರಗಿಯಲ್ಲಿ ಎಲ್ಲಿ ಬೀಳುತ್ತದೆ?

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಣ್ಣಿನ ಸರ್ಜನ್‌ಗಳು ರೆಪ್ಪೆಯ ಗಂಟು ತೆಗೆಯುತ್ತಾರೆ, ಕಣ್ಣಿನ ಬಿಳಿಯ ಮೇಲೆ ಬೆಳೆದ ದುರ್ಮಾಂಸ ತೆಗೆಯುತ್ತಾರೆ, ಕೆಲವೊಮ್ಮೆ ಬೇರೆ ದಾರಿಯಿಲ್ಲದೆ ಇಡೀ ಕಣ್ಣನ್ನೇ ತೆಗೆಯುತ್ತಾರೆ. ತೆಗೆದದ್ದು ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿ ನಮ್ಮ ಹತ್ತಿರ ಬರುತ್ತದೆ. ನಾವು ಅದನ್ನು ಮೇಣದಲ್ಲಿ ಕೂಡಿಸಿ, ತೆಳ್ಳಗೆ ಹೆರೆದು, ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ರೋಗ, ಇದು ಕ್ಯಾನ್ಸರ್ ಹೌದು ಅಥವಾ ಅಲ್ಲ, ಪೂರ್ತಿ ಹೋಗಿದೆ ಅಥವಾ ಒಳಗೆ ಉಳಿದಿದೆ ಎಂದು ಬರೆಯುತ್ತೇವೆ. ಇಷ್ಟೇ. ಈ ಇಷ್ಟನ್ನು ನಮ್ಮವ್ವನಿಗೆ ತಿಳಿಸಲು ನನಗೆ ಇಡೀ ನೌಕರಿ ಸಾಲಲಿಲ್ಲ.

ಅಫಜಲಪುರದಲ್ಲಿ ನಮ್ಮಪ್ಪನದು ಕಾಳುಕಡಿಯ ಅಡತಿ ಅಂಗಡಿ. ಮಗಳು ಕಣ್ಣಿನ ಡಾಕ್ಟರಾಗಿದ್ದಾಳೆ ಎಂದು ಅಂಗಡಿಗೆ ಬಂದವರಿಗೆಲ್ಲ ಗೊತ್ತಾಗಿ, ನಾನು ರಜೆಗೆ ಊರಿಗೆ ಹೋದರೆ ಸಾಕು, ಬೆಳಗಾಗುವುದರಲ್ಲಿ ಕಟ್ಟೆಯ ಮೇಲೆ ಚಷ್ಮಾ ಬೇಕಾದವರ ಸಾಲು. ನಾನು ಚಷ್ಮಾ ಕೊಡುವವಳಲ್ಲ ಎಂದರೆ ಸೊಕ್ಕು ಬಂದಿದೆ ಎನ್ನುತ್ತಿದ್ದರು. ಕಡೆಗೆ ಅವ್ವನೇ ಬಾಗಿಲಿಗೆ ನಿಂತು ಎಲ್ಲರಿಗೂ ಒಂದೇ ಮಾತು ಹೇಳತೊಡಗಿದಳು: "ನಮ್ಮ ಹುಡುಗಿ ಕಣ್ಣ ನೋಡ್ತಾಳ, ಖರೇ ಅದ. ಆದ್ರ ಕಣ್ಣಿದ್ದವರನ್ನ ನೋಡಂಗಿಲ್ಲ. ಮನಿಗಿ ಹೋಗ್ರಿ." ನನ್ನ ವೃತ್ತಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬಣ್ಣಿಸಿದ್ದು ನಾನು ಕೇಳಿಲ್ಲ.

ನನಗೆ ಕೆಲಸ ಕಲಿಸಿದವರು ಜೇವರ್ಗಿ ಕಡೆಯ ಒಬ್ಬ ಹಿರಿಯ ಡಾಕ್ಟರು. ನಾವು ಅವರನ್ನು ಸಾಹೇಬರು ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಕರೆಯುತ್ತೇನೆ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ದಖನಿ. ಸೂಕ್ಷ್ಮದರ್ಶಕದ ಮೇಲೆ ಬಾಗಿದರೆಂದರೆ ಪಕ್ಕದಲ್ಲಿಟ್ಟ ಚಹಾ ಆರಿ ಕೆನೆ ಕಟ್ಟುತ್ತಿತ್ತು, ಅಷ್ಟರಲ್ಲಿ ಯಾರಾದರೂ ಕೆಮ್ಮಿದರೆ ಅವರ ಕತೆ ಮುಗಿಯಿತು. ಹೊಸತರಲ್ಲಿ ನಾನು ರೆಪ್ಪೆಯ ಗಂಟೊಂದರ ಬಗ್ಗೆ ಅದಾಗಿರಬಹುದು, ಇದಾಗಿರಬಹುದು ಎಂದು ಒಂದು ಪುಟ ತುಂಬ ಬರೆದು ಅವರ ಮುಂದಿಟ್ಟೆ. ಓದಿ ಕೇಳಿದರು: "ಇದು ರಿಪೋರ್ಟ್ ಏನವ್ವಾ, ಮದವಿ ಅಡಗಿ ಪಟ್ಟಿನೋ? ಗೊತ್ತಿದ್ರ ಗೊತ್ತದ ಅಂತ ಬರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರಿ. ಸರ್ಕಾರ ನಮಗ ಗೊತ್ತಿಲ್ಲ ಅನ್ನಾಕೂ ಪಗಾರ ಕೊಡ್ತದ." ಅವಸರ ಮಾಡಿದರಂತೂ ಅವರಿಗೆ ಸೇರುತ್ತಿರಲಿಲ್ಲ. "ಇತ್ಮಿನಾನ್ ಇರ್ಲಿ. ಬಾಟಲ್ಯಾಗಿನ ಕಣ್ಣು ಎಲ್ಲಿ ಓಡಿ ಹೋಗ್ತದ?" ಎನ್ನುತ್ತಿದ್ದರು. ಈ ಒಂದು ಮಾತಿನಲ್ಲಿ ಸಾಹೇಬರು ತಪ್ಪಿದ್ದರು. ಒಂದು ಕಣ್ಣು ಓಡಿ ಹೋಯಿತು, ಅದನ್ನು ಮುಂದೆ ಹೇಳುತ್ತೇನೆ.

ಅಂದಿಗೂ ಇಂದಿಗೂ ವಿಧಾನ ಬಹಳ ಬದಲಾಗಿದೆ. ನಾನು ಸೇರಿದಾಗ ಹೆರೆಯುವ ಚಾಕುವನ್ನು ನಾವೇ ಕಲ್ಲಿಗೆ ಹಚ್ಚಿ ಮಸೆಯಬೇಕಿತ್ತು. ಅಲಗಿನಲ್ಲಿ ಎಳ್ಳಷ್ಟು ಮುಕ್ಕಾಗಿದ್ದರೂ ಹೆರೆದ ಪದರದ ತುಂಬ ಗೀರು. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಅಂಟಿಕೊಳ್ಳುತ್ತಿತ್ತು, ಐಸ್ ತರಿಸಿ ತಣ್ಣಗೆ ಮಾಡಬೇಕಿತ್ತು, ತರಿಸಿದ ಐಸಿನಲ್ಲಿ ಅರ್ಧ ಶರಬತ್ತಿಗೆ ಹೋಗುತ್ತಿತ್ತು. ಈಗ ಬಳಸಿ ಎಸೆಯುವ ಬ್ಲೇಡು ಬಂದಿದೆ, ಬಣ್ಣ ಹಾಕುವ ಯಂತ್ರ ಬಂದಿದೆ, ಅನುಮಾನ ಬಂದರೆ ಸ್ಲೈಡಿನ ಫೋಟೋ ಹೈದರಾಬಾದಿಗೆ ಮೊಬೈಲಿನಲ್ಲೇ ಹೋಗುತ್ತದೆ. ಬದಲಾಗದೇ ಉಳಿದದ್ದು ಒಂದೇ, ಬಾಟಲಿಯ ಪ್ರಯಾಣ. ಆಪರೇಷನ್ ಒಂದು ಆಸ್ಪತ್ರೆಯಲ್ಲಿ, ಪರೀಕ್ಷೆ ಇನ್ನೊಂದು ಕಡೆ. ನಡುವಿನ ದಾರಿಗೆ ಬಾಟಲಿಯನ್ನು ರೋಗಿಯ ಮನೆಯವರ ಕೈಯಲ್ಲೇ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ.

ಆ ದಾರಿಯಲ್ಲಿ ಏನೇನು ಆಗುತ್ತದೆ ಎಂದು ಹೊಸಬರು ತಿಳಿದಿರಬೇಕು. ಜೇವರ್ಗಿಯ ಒಬ್ಬ ಸಜ್ಜನ ಔಷಧಿ ನೀರು ವಾಸನೆ ಬರುತ್ತಿದೆ ಎಂದು ಚೆಲ್ಲಿ, ಕೆಡಬಾರದಲ್ಲ ಎಂದು ಶೇಂಗಾ ಎಣ್ಣೆ ಹಾಕಿ ತಂದಿದ್ದರು. ಜೊತೆಗೆ ಉಪ್ಪೂ ಇತ್ತು. ಇನ್ನೊಬ್ಬರು ತಮ್ಮ ತಂದೆಯ ಕಣ್ಣಿನ ಗಂಟನ್ನು ತಂಪು ಪಾನೀಯದ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಿದ್ದರು. ಅದು ಕಲ್ಲಾಗಿ ಬಂತು, ಕರಗಿಸಿದರೆ ಗಂಜಿಯಾಯಿತು. ಬೈಯಲು ಬಾಯಿ ತೆರೆದರೆ, ಅವರೆಲ್ಲ ಎಷ್ಟು ಕಾಳಜಿಯಿಂದ ಮಾಡಿದ್ದಾರೆ ಎಂಬುದು ನೆನಪಾಗಿ ಸುಮ್ಮನಾಗುತ್ತಿದ್ದೆ. ಸುಮ್ಮನಾಗುತ್ತಿದ್ದೆ ಎಂದು ಬರೆದೆನಲ್ಲ, ಬೈದ ಮೇಲೆ ಸುಮ್ಮನಾಗುತ್ತಿದ್ದೆ.

ಸಂತೋಷದ ಬಾಟಲಿಗಳೂ ಬರುತ್ತವೆ. ಮಾದನಹಿಪ್ಪರಗಾದ ಒಬ್ಬ ಹಿರಿಯ ರೈತನ ಕಣ್ಣಿನ ಬಿಳಿಯ ಮೇಲೆ ಕೆಂಪು ಗಂಟೊಂದು ಎದ್ದಿತ್ತು. ನೋಡಿದವರೆಲ್ಲ ಕ್ಯಾನ್ಸರ್ ಎಂದೇ ತಿಳಿದಿದ್ದರು. ಮನೆಯವರು ಅತ್ತು ಕರೆದು ಆಗಿತ್ತು. ನಾನು ಸ್ಲೈಡ್ ನೋಡಿದರೆ ಗಂಟಿನ ನಟ್ಟನಡುವೆ ಸಾಲಾಗಿ ಚೌಕಚೌಕ ಕೋಣೆಗಳು. ಮನುಷ್ಯರ ಮೈಯಲ್ಲಿ ಅಂಥ ಗೋಡೆ ಕಟ್ಟಿದ ಕೋಣೆ ಇರುವುದಿಲ್ಲ, ಗಿಡಮರಗಳಲ್ಲಿ ಇರುತ್ತವೆ. ರಾಶಿ ಮಾಡುವಾಗ ಹಾರಿ ಬಂದ ಜೋಳದ ಹೊಟ್ಟಿನ ಚೂರು ಕಣ್ಣಲ್ಲಿ ಹೊಕ್ಕು ಕೂತಿತ್ತು, ಕಣ್ಣು ಸಿಟ್ಟಿಗೆದ್ದು ಅದರ ಸುತ್ತ ಮಾಂಸ ಬೆಳೆಸಿತ್ತು. ಕರೆಸಿ ಹೇಳಿದೆ. ಆತ ಕೇಳಿದ್ದೇನು ಗೊತ್ತೇ? "ಯಾವ ಜ್ವಾಳ್ರಿ ಅದು, ನಮ್ಮ ಮಾಲದಂಡಿನೋ ಇಲ್ಲಾ ಬಾಜೂ ಹೊಲದ ಹೈಬ್ರೀಡೋ?" ಅದನ್ನು ಹೇಳುವಷ್ಟು ವಿದ್ಯೆ ನನ್ನಲ್ಲಿರಲಿಲ್ಲ. ಗೊತ್ತಿಲ್ಲ ಎಂದೆ.

ಇನ್ನು ಓಡಿ ಹೋದ ಕಣ್ಣು. ಒಂದು ದಿನ ರೇಣುಕಾ ಫೋನ್ ಮಾಡಿದಳು. ನನ್ನ ಹತ್ತಿರ ಕಲಿತ ಹುಡುಗಿ, ಈಗ ಊರಿನ ಇನ್ನೊಂದು ಕಡೆ ಒಳ್ಳೆಯ ಕಣ್ಣಿನ ಸರ್ಜನ್. "ಮ್ಯಾಡಂ, ಮಟಕಿ ಹುಡುಗಿದು ರಿಪೋರ್ಟ್ ಆಯ್ತೇನ್ರಿ?"

"ಯಾವ ಮಟಕಿ, ಯಾವ ಹುಡುಗಿ?" ಎಂದೆ.

ಹುಡುಗಿಯ ಹೆಸರು ಅಕ್ಷತಾ. ಇನ್ನೂ ಮೂರು ತುಂಬಿರಲಿಲ್ಲ. ಆಳಂದ ತಾಲೂಕಿನ ಮಟಕಿಯವರು. ಬಲಗಣ್ಣಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತಿದೆ ಎಂದು ತಾಯಿ ಗುರುತಿಸಿ ಕರೆತಂದಿದ್ದಳು. ಸಣ್ಣ ಮಕ್ಕಳ ಅಕ್ಷಿಪಟದಲ್ಲಿ ಹುಟ್ಟುವ ಕ್ಯಾನ್ಸರ್ ಅದು. ಗಡ್ಡೆ ಕಣ್ಣಿನೊಳಗೆ ತುಂಬಿಬಿಟ್ಟಿದ್ದರಿಂದ ಕಣ್ಣನ್ನೇ ತೆಗೆಯಬೇಕಾಯಿತು. ರೇಣುಕಾ ತೆಗೆದು, ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ನಮ್ಮಲ್ಲಿಗೆ ಕೊಡಲು ಹೇಳಿ ಹುಡುಗಿಯ ತಂದೆ ಮಲ್ಲಿನಾಥನ ಕೈಗೆ ಕೊಟ್ಟು ವಾರದ ಮೇಲಾಗಿತ್ತು. ಬಾಟಲಿ ನಮ್ಮ ಕಪಾಟಿಗೆ ಬಂದೇ ಇರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿಸಬೇಕು. ಕಣ್ಣಿನಿಂದ ಮಿದುಳಿಗೆ ಒಂದು ನರ ಹೋಗುತ್ತದೆ. ಈ ಕ್ಯಾನ್ಸರ್ ಹೊರಗೆ ಬರುವುದಾದರೆ ಆ ನರದ ಗುಂಟ ಮಿದುಳಿಗೆ ನಡೆಯುತ್ತದೆ. ಅದಕ್ಕೇ ಕಣ್ಣು ತೆಗೆಯುವಾಗ ಒಂದಿಷ್ಟು ಉದ್ದದ ನರವನ್ನೂ ಸೇರಿಸಿ ಕತ್ತರಿಸುತ್ತಾರೆ. ಕತ್ತರಿಸಿದ ತುದಿಯಲ್ಲಿ ಕೆಟ್ಟ ಜೀವಕೋಶಗಳಿದ್ದರೆ ಆ ಮಗುವಿಗೆ ಕೂಡಲೇ ಬಲವಾದ ಔಷಧಿ, ವಿಕಿರಣ ಚಿಕಿತ್ಸೆ ಎಲ್ಲ ಶುರುವಾಗಬೇಕು, ತಡವಾದರೆ ಮಗು ಉಳಿಯುವುದಿಲ್ಲ. ತುದಿ ಸ್ವಚ್ಛವಿದ್ದು, ಕಣ್ಣಿನ ಗೋಡೆಯೂ ಸ್ವಚ್ಛವಿದ್ದರೆ ಏನೂ ಬೇಡ. ಊಹೆಯ ಮೇಲೆ ಅಷ್ಟು ಸಣ್ಣ ಕೂಸಿಗೆ ಆ ವಿಷದಂಥ ಔಷಧಿ ಕೊಡುವಂತಿಲ್ಲ, ಊಹೆಯ ಮೇಲೆ ಬಿಡುವಂತೆಯೂ ಇಲ್ಲ. ಉತ್ತರ ಇದ್ದದ್ದು ಆ ಬಾಟಲಿಯಲ್ಲಿ ಮಾತ್ರ.

ಮಲ್ಲಿನಾಥನಿಗೆ ನಾನೇ ಫೋನ್ ಹಚ್ಚಿದೆ. ಬಾಟಲಿ ಎಲ್ಲಪ್ಪ ಎಂದು ಕೇಳಿದರೆ ಮೊದಲು ಹ್ಞಾಂ ಹ್ಞೂಂ ಎಂದ. ಆಮೇಲೆ ಹೇಳಿದ: "ಮಣ್ಣ ಕೊಟ್ಟೇವ್ರಿ ಬಾಯಾರ."

"ಏನು ಕೊಟ್ಟ್ರಿ?"

"ಹೊಲದಾಗ, ನಮ್ಮ ಮುತ್ಯಾನ ಬಾಜೂಕ. ನಮ್ಮವ್ವ ಹಟಾ ಹಿಡದ್ಳ್ರಿ. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಎಲ್ಲಾ ಬರೋಬ್ಬರಿ ಮಾಡೇವ್ರಿ."

ಬರೋಬ್ಬರಿ ಮಾಡಿದ್ದಾರಂತೆ! ನಮ್ಮ ಜನ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತಾರೆ, ಅದು ನನಗೇನು ಹೊಸತಲ್ಲ, ನಮ್ಮ ಮನೆಯಲ್ಲೂ ಅದೇ. ಆದರೆ ಬದುಕಿರುವ ಹುಡುಗಿಯ ಕಣ್ಣಿಗೆ ಮಣ್ಣು ಕೊಟ್ಟದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಗೆದು ತೆಗೆದುಕೊಂಡು ಬಾ ಎಂದರೆ ಆತ, "ನಮ್ಮವ್ವ ಕೇಳಂಗಿಲ್ರಿ" ಎಂದ. ಅವ್ವನಿಗೆ ಫೋನ್ ಕೊಡು ಎಂದರೆ, "ಆಕಿ ಫೋನ್ ಮುಟ್ಟಂಗಿಲ್ರಿ" ಎಂದ. ರೇಣುಕಾಗೆ ಅವತ್ತು ಆಪರೇಷನ್‌ಗಳ ಸಾಲು. ನನಗೆ ಸಿಟ್ಟು ನೆತ್ತಿಗೇರಿತ್ತು, ಸಿಟ್ಟು ಬಂದರೆ ನಾನು ಕೂತಲ್ಲಿ ಕೂರುವವಳಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಆಳಂದ ಬಸ್ಸು ಹತ್ತಿದೆ. ಆಳಂದದಲ್ಲಿ ಇಳಿದು ಮಟಕಿಯ ಬಸ್ಸು ಹಿಡಿದಾಗ ಸಿಟ್ಟು ಸ್ವಲ್ಪ ಇಳಿದಿತ್ತು, ಅದರ ಜಾಗದಲ್ಲಿ ಭಯ ಕೂತಿತ್ತು. ಬಾಟಲಿ ತೆರೆದು ಬರೀ ಕಣ್ಣನ್ನು ಮಣ್ಣಿಗೆ ಹಾಕಿದ್ದರೆ ನಾನು ಹೋಗಿ ಪ್ರಯೋಜನವೇ ಇರಲಿಲ್ಲ. ಅದು ಅಷ್ಟೊತ್ತಿಗೆ ಮಣ್ಣೇ ಆಗಿರುತ್ತಿತ್ತು.

ಮಲ್ಲಿನಾಥನ ತಾಯಿ ಚಂದಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹಣೆ ತುಂಬ ವಿಭೂತಿ, ಬಾಯಲ್ಲಿ ಎಲೆ ಅಡಿಕೆ. ಅಕ್ಷತಾ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಅದೊಂದು ಹೊಸ ಆಭರಣವೇನೋ ಎಂಬಂತೆ ಅಂಗಳದ ತುಂಬ ಓಡುತ್ತಿದ್ದಳು. ನಾನು ಯಾರು ಎಂದು ತಿಳಿದ ಮೇಲೂ ಚಂದಮ್ಮ ಎದ್ದು ಹೇಳಿದ್ದು ಒಂದೇ ಮಾತು: "ಮೊದಲ ಉಣ್ಣು, ಆಮ್ಯಾಲ ಜಗಳಾ ಮಾಡೋಣಂತ." ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸಿಟ್ಟಿನಲ್ಲೂ ಎರಡನೇ ರೊಟ್ಟಿ ಬೇಡ ಎನ್ನಲಾಗಲಿಲ್ಲ.

ಕೈ ತೊಳೆದು ಮೊದಲ ಪ್ರಶ್ನೆ ಕೇಳಿದೆ. "ಆಯಿ, ಬಾಟಲಿ ತೆರದಿದ್ರೇನು?"

"ಯಾಕ ತೆರೀಲಿ? ಮುಚ್ಚಳ ತಟಗ ಸಡ್ಲ ಮಾಡಿದ್ರ ಮೂಗು ಕಿತ್ತು ಬರೂವಂಥಾ ವಾಸನಿ! ಬಿಗಿ ಮಾಡಿ ಬಾಟಲಿ ಸಮೇತ ಇಟ್ಟೇವಿ."

ಫಾರ್ಮಲಿನ್ನಿನ ಆ ಹಾಳು ವಾಸನೆಗೆ ನಾನು ವರ್ಷಗಟ್ಟಲೆ ಶಾಪ ಹಾಕಿದ್ದೇನೆ. ಅವತ್ತು ಮಾತ್ರ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ನಿಜವಾದ ಜಗಳ ಶುರುವಾಯಿತು. ನರ, ಮಿದುಳು, ಕ್ಯಾನ್ಸರ್ ಎಲ್ಲ ಹೇಳಿದೆ. ಚಂದಮ್ಮ ಬೇಳೆಯಲ್ಲಿನ ಕಲ್ಲು ಆರಿಸುತ್ತಲೇ ಕೇಳಿದಳು. "ಮಣ್ಣ ಕೊಟ್ಟದ್ದು ಹೊರಗ ತಗಿಯಾಂಗಿಲ್ಲ ತಂಗೀ," ಎಂದಳು. ಅಷ್ಟಕ್ಕೂ ಹಾಗೇಕೆ ಮಾಡಿದಿರಿ, ಹೇಳಿದ ಕಡೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಆಗ ಮೊರ ಕೆಳಗಿಟ್ಟಳು. "ನೀವು ಅದನ್ನ ಏನ ಮಾಡ್ತೀರಿ?"

"ಕೊಯ್ದು ನೋಡ್ತೇವಿ."

"ನೋಡಿದ ಮ್ಯಾಲ?"

ಸುಳ್ಳು ಹೇಳಬಹುದಿತ್ತು. ಆಕೆಯ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಒಂದಷ್ಟು ದಿನ ಇಟ್ಟು ಆಮ್ಯಾಲ ಸುಡಾಕ ಕಳಸ್ತೇವಿ," ಎಂದೆ.

"ಅಂದ್ರ ಕಚರಾ! ನನ್ನ ಮೊಮ್ಮಗಳ ಕಣ್ಣು ನಿಮಗ ಕಚರಾ. ಅದು ಎರಡು ವರ್ಷ ನನ್ನ ಮಾರಿ ನೋಡೇದ. ಆಯೀ ಅಂತ ನನ್ನ ಕಡಿ ತಿರುಗೇದ. ಅದನ್ನ ನಾ ಕಚರಾ ಡಬ್ಬ್ಯಾಗ ಒಗಿಲೇನು?"

ಅಷ್ಟು ವರ್ಷ ನನ್ನ ಕೈಯಲ್ಲಿ ಹಾದುಹೋದ ಕಣ್ಣುಗಳಲ್ಲಿ ಯಾವುದು ಯಾರ ಮುಖ ನೋಡಿತ್ತು ಎಂದು ನಾನು ಯೋಚಿಸಿದವಳಲ್ಲ. ಮಲ್ಲಿನಾಥ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ಆತನ ಹೆಂಡತಿ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

ಚಂದಮ್ಮನೇ ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ. "ಖರೇ ಹೇಳು. ಆ ರೋಗ ಕೂಸಿನ ತಲಿಗಿ ಹೋಗೇದೇನು?"

"ನನಗ ಗೊತ್ತಿಲ್ಲ ಆಯಿ. ಗೊತ್ತಿಲ್ಲ ಅಂತನ ಇಲ್ಲೀತನಾ ಬಂದೇನಿ."

"ಆಳಂದದಾಗೊಬ್ಬ ಡಾಕ್ಟರ್ ಏನೂ ಆಗಂಗಿಲ್ಲ ಅಂದ. ಇನ್ನೊಬ್ಬಂವ ಉಳ್ಯಾಂಗಿಲ್ಲ ಅಂದ. ಎಲ್ಲಾರಿಗೂ ಗೊತ್ತದ. ನೀ ಒಬ್ಬಾಕಿ ಗೊತ್ತಿಲ್ಲ ಅಂತಿ," ಎಂದಳು. ನಂತರ ನಮ್ಮ ನಡುವೆ ವ್ಯಾಪಾರ ನಡೆಯಿತು, ಅಡತಿ ಅಂಗಡಿಯವನ ಮಗಳಾದ ನನಗೇ ಬೆವರು ಬರುವಂಥ ವ್ಯಾಪಾರ. ನೋಡಿದ ಮೇಲೆ ಕಣ್ಣು ವಾಪಸ್ ಕೊಡಬೇಕು. ಆಗಲಿ ಎಂದೆ. ಪೂರಾ ಕೊಡಬೇಕು. ಪೂರಾ ಆಗುವುದಿಲ್ಲ, ಮೇಣದಲ್ಲಿ ಮತ್ತು ಗಾಜಿನ ಮೇಲೆ ಒಂದಿಷ್ಟು ಇಟ್ಟುಕೊಳ್ಳಲೇಬೇಕು ಎಂದೆ. ಎಷ್ಟು? ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ, ಇಷ್ಟೇ ಅಗಲ ಎಂದು ಬೆರಳಿನಲ್ಲಿ ತೋರಿಸಿದೆ. ಮೇಣದ ತುಂಡು? ಅದು ಇಷ್ಟು ದಪ್ಪ. "ಆ ಮೇಣದಾಂದು ಕಚರಾಕ್ಕ ಹೋಗಬಾರ್ದು," ಎಂದಳು. ಅದು ಹೋಗುವುದಿಲ್ಲ, ಕಪಾಟಿನಲ್ಲಿ ಹೆಸರು ಬರೆದು ಇಡುತ್ತೇವೆ ಎಂದೆ. "ಹಾಂಗಾರ ನಡಿ."

ಹೊಲದಲ್ಲಿ ಯಾರನ್ನೂ ಮುಟ್ಟಗೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಸಮಾಧಿಗೆ ಕೈ ಮುಗಿದು, ತಪ್ಪಾತಪ್ಪೋ ಯಪ್ಪಾ ಎಂದು ಹೇಳಿ, ಸಲಿಕೆ ತೆಗೆದುಕೊಂಡು ತಾನೇ ಅಗೆದಳು. ಹೊಸ ಕುಬಸದ ಬಟ್ಟೆಯಲ್ಲಿ ಸುತ್ತಿದ ಬಾಟಲಿ. ಬಟ್ಟೆ ಬಿಡಿಸಿ ಬಿಸಿಲಿಗೆ ಹಿಡಿದೆ. ನೀರು ತಿಳಿಯಾಗಿತ್ತು, ರೇಣುಕಾ ಅಂಟಿಸಿದ ಚೀಟಿ ಹಾಗೇ ಇತ್ತು, ನರದ ತುದಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಬಾಟಲಿಯಲ್ಲಿ ಕೂತ ಕಣ್ಣನ್ನು, ನಿಜ ಹೇಳಬೇಕೆಂದರೆ, ಊರಲ್ಲೇ ಇದ್ದ ಆಸ್ಪತ್ರೆಗಳೂ ನಮಗೆ ಕಳಿಸಿದ್ದು ಕಡಿಮೆ. ಕೈ ಚಾಚಿದರೆ ಚಂದಮ್ಮ ಬಾಟಲಿಯನ್ನು ತನ್ನ ಉಡಿಯಲ್ಲಿ ಇಟ್ಟುಕೊಂಡಳು. "ನಿನ್ನ ಕೈಯಾಗ ಕೊಡಂಗಿಲ್ಲ. ನಾನೂ ಬರ್ತೇನಿ."

ಆಳಂದದಿಂದ ಕಲಬುರಗಿಯ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಕಂಡಕ್ಟರ್ ಟಿಕೆಟು ಹರಿಯುತ್ತಾ ಆಕೆಯ ಉಡಿ ನೋಡಿ ತಮಾಷೆ ಮಾಡಿದ. "ಆಯಿ, ಬಾಟಲ್ಯಾಗ ಏನದ? ತುಪ್ಪ ಇದ್ರ ನಮಗೂ ತಟಗ ಹಾಕು."

"ನನ್ನ ಮೊಮ್ಮಗಳ ಕಣ್ಣದಪಾ. ಪರೀಕ್ಷಾಕ್ಕ ಒಯ್ಯಾಕತ್ತೇನಿ," ಎಂದಳು ಚಂದಮ್ಮ, ಬೇಳೆ ಒಯ್ಯುತ್ತಿದ್ದೇನೆ ಎನ್ನುವಷ್ಟು ಸಹಜವಾಗಿ. ಕಂಡಕ್ಟರನ ಮುಖದ ನಗು ಹೋಯಿತು. ಹಿಂದಕ್ಕೆ ತಿರುಗಿ ಕೂಗಿದ: "ಏ ಏಳ್ರಪಾ, ಆಯಿಗಿ ಸೀಟ್ ಬಿಡ್ರಿ! ಡ್ರೈವರಣ್ಣಾ, ಹಳ್ಳಾ ಕೊಳ್ಳಾ ನೋಡ್ಕೊಂಡು ಹೊಡಿ!" ಮೂರು ಜನ ಒಟ್ಟಿಗೆ ಎದ್ದರು. ನನಗೂ ಸೀಟು ಸಿಕ್ಕಿತು.

ಮೊದಲು ನರ, ಆಮೇಲೆ ಕಣ್ಣು. ಇದು ಸಾಹೇಬರು ಕಲಿಸಿದ್ದು, ಹೊಸಬರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. ಕಣ್ಣನ್ನು ಮೊದಲು ಕೊಯ್ದರೆ ಗಡ್ಡೆಯ ಪುಡಿ ಚಾಕುವಿಗೆ ಹತ್ತಿ ನರದ ತುದಿಗೆ ಅಂಟುತ್ತದೆ, ಇಲ್ಲದ ರೋಗವನ್ನು ನಾವೇ ಅಲ್ಲಿ ಇಟ್ಟಂತಾಗುತ್ತದೆ. ಹೊಸ ಬ್ಲೇಡಿನಿಂದ ತುದಿ ಕೊಯ್ದು ಬೇರೆ ಇಟ್ಟೆ, ಬ್ಲೇಡು ಬದಲಿಸಿ ಕಣ್ಣು ತೆರೆದೆ. ಮೇಣ, ಹೆರೆಯುವುದು, ಬಣ್ಣ, ಇದಕ್ಕೆಲ್ಲ ದಿನಗಳು ಬೇಕು. ಚಂದಮ್ಮ ಕಲಬುರಗಿಯಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದು, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ವಿಭಾಗದ ಹೊರಗಿನ ಬೆಂಚಿನ ಮೇಲೆ ಹಾಜರ್. ನಾವು ಅತ್ತಿತ್ತ ಓಡಾಡಿದಾಗಲೆಲ್ಲ, "ಇನ್ನಾ ಆಗಿಲ್ಲೇನು? ನಾ ಇಷ್ಟೊತ್ತಿಗಿ ಹತ್ತು ಮಂದಿಗಿ ರೊಟ್ಟಿ ಬಡದಿರ್ತಿದ್ನಿ," ಎಂದು ನಮ್ಮನ್ನು ಹಂಗಿಸುತ್ತಿದ್ದಳು. ಪೇಷಂಟ್‌ಗಳು ಎಲ್ಲಿ ಕೂಡುತ್ತಾರೆ ಎಂದು ಕೇಳಿದ ಹುಡುಗರಿಗೆ ಆ ವಾರ ತೋರಿಸಲು ನನಗೊಬ್ಬರು ಸಿಕ್ಕಿದ್ದರು.

ಸ್ಲೈಡ್‌ಗಳು ಬಂದ ದಿನ ಮೊದಲು ಇಡೀ ಕಣ್ಣಿನದನ್ನು ಇಟ್ಟೆ. ತುದಿಯದನ್ನು ನೋಡಲು ಧೈರ್ಯ ಸಾಲಲಿಲ್ಲ. ಗಡ್ಡೆ ಕಣ್ಣಿನ ತುಂಬ ಇತ್ತು. ನೀಲಿ ಜೀವಕೋಶಗಳು ಕೆಲವು ಕಡೆ ಸಣ್ಣ ಸಣ್ಣ ಹೂವಿನ ಹಾಗೆ ಸುತ್ತುಗಟ್ಟಿ ಕೂತಿದ್ದವು. ಈ ಕ್ಯಾನ್ಸರಿನ ಗುರುತು ಅದು, ಎಷ್ಟು ಚೆಂದವೋ ಅಷ್ಟು ಕೆಟ್ಟದ್ದು. ಗೋಡೆ ಸ್ವಚ್ಛ. ನರ ಕಣ್ಣಿನಿಂದ ಹೊರಡುವ ಬಾಗಿಲಿಗೆ ಬಂದೆ, ಅಲ್ಲಿ ನೀಲಿ ಇತ್ತು. ಬಾಗಿಲವರೆಗೆ ಬಂದುಬಿಟ್ಟಿತ್ತು. ಬಾಗಿಲಿನ ಹಿಂದಕ್ಕೆ ಸ್ಲೈಡ್ ಸರಿಸಿದೆ, ಇನ್ನೂ ಹಿಂದೆ. ನೀಲಿ ಅಲ್ಲೇ ನಿಂತಿತ್ತು. ಆಮೇಲೆ ತುದಿಯ ಸ್ಲೈಡ್ ಇಟ್ಟೆ. ಬರೀ ತಿಳಿ ಗುಲಾಬಿ, ನೀಲಿಯ ಒಂದು ಚುಕ್ಕೆಯೂ ಇಲ್ಲ. ಒಂದನ್ನು ನಂಬದೆ ಇನ್ನಷ್ಟು ಆಳಕ್ಕೆ ಹೆರೆಸಿ ನೋಡಿದೆ, ಪಕ್ಕದಲ್ಲಿ ಕೂತವರಿಗೆ ತೋರಿಸಿದೆ, ಹೈದರಾಬಾದಿಗೂ ಕಳಿಸಿದೆ. ಎಲ್ಲರೂ ಅದನ್ನೇ ಹೇಳಿದರು.

ಬೆಂಚಿನ ಹತ್ತಿರ ಹೋಗಿ, "ಆಯಿ, ಈಗ ಗೊತ್ತಾಯ್ತು. ತಲಿಗಿ ಹೋಗಿಲ್ಲ. ಔಷಧ ಬ್ಯಾಡ. ತಾರೀಖಿಗೆ ತಾರೀಖಿಗೆ ತಂದು ರೇಣುಕಾಗ ತೋರಸ್ರಿ, ಸಾಕು," ಎಂದೆ. ಚಂದಮ್ಮ ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು. ಇಬ್ಬರೂ ಅತ್ತೆವು. ಹೋಗಿ ಬರುವವರು ಯಾರೋ ತೀರಿಕೊಂಡಿರಬೇಕು ಎಂದು ತಿಳಿದು ಮೆಲ್ಲಗೆ ನಡೆದರು. ಕಣ್ಣೊರೆಸಿಕೊಂಡು ಆಕೆ ಆಡಿದ ಮೊದಲ ಮಾತು: "ಹಾಂಗಾರ ನನ್ನದು ನನಗ ಕೊಡು. ಬಸ್ಸಿಗಿ ಹೊತ್ತಾತು." ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ಕಣ್ಣಿನ ಉಳಿದ ಭಾಗವನ್ನು ನೀರಿನಲ್ಲಿ ತೊಳೆದು ಅದೇ ಕುಬಸದ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅದು ಮತ್ತೆ ಮಟಕಿಯ ಮಣ್ಣು ಸೇರಿತು. ಅಂದಿನಿಂದ ನಮ್ಮ ವಿಭಾಗದಲ್ಲಿ ಒಂದು ಹೊಸ ರೂಢಿ ಬಂತು. ಇಡೀ ಕಣ್ಣು ಬಂದರೆ, ನೋಡಿದ ಮೇಲೆ ವಾಪಸ್ ಬೇಕೇ ಎಂದು ಮನೆಯವರನ್ನು ಮೊದಲೇ ಕೇಳುತ್ತೇವೆ. ಬೇಕು ಎನ್ನುವವರು ಎಷ್ಟೊಂದು ಜನ ಇದ್ದಾರೆಂದು ಕೇಳಿದ ಮೇಲೇ ಗೊತ್ತಾಯಿತು.

ನಾನು ನಿವೃತ್ತಳಾಗುವ ತಿಂಗಳು ಅಕ್ಷತಾ ಬಂದಿದ್ದಳು. ರೇಣುಕಾಳ ಹತ್ತಿರ ವರ್ಷದ ತಪಾಸಣೆ ಮುಗಿಸಿ, ಆಯಿಯನ್ನು ಎಳೆದುಕೊಂಡು ನಮ್ಮ ವಿಭಾಗಕ್ಕೆ ನುಗ್ಗಿದಳು. ಶಾಲೆಗೆ ಹೋಗುವ, ಎರಡು ಜಡೆಯ, ಬಾಯಿ ಮುಚ್ಚದ ಹುಡುಗಿ. ಬಲಗಡೆ ಕೂಡಿಸಿದ್ದ ಕೃತಕ ಕಣ್ಣು ಗುರುತೇ ಸಿಗುತ್ತಿರಲಿಲ್ಲ. ಒಳಗೆ ಬಂದವರಿಗೆಲ್ಲ, "ನಂದು ಯಾವ ಕಣ್ಣು ಖೊಟ್ಟಿ ಹೇಳ್ರಿ ನೋಡಮು," ಎಂದು ಸವಾಲು ಹಾಕುತ್ತಿದ್ದಳು. ಇಬ್ಬರು ಹೊಸ ಡಾಕ್ಟರುಗಳು ತಪ್ಪು ಹೇಳಿದರು. ಆಮೇಲೆ ನನ್ನ ಹತ್ತಿರ ಬಂದು, "ಬಾಯಾರ, ನನ್ನ ಕಣ್ಣು ನಿಮ್ಮ ಕಪಾಟನ್ಯಾಗ ಅದಂತ. ತೋರಸ್ರಿ," ಎಂದಳು.

ಚಂದಮ್ಮನ ಮುಖ ನೋಡಿದೆ. "ತೋರ್ಸು," ಎಂದಳು ಆಕೆ, ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ. ಸ್ಲೈಡ್‌ಗಳನ್ನು ತೆಗೆದು ಒಂದನ್ನು ಇಟ್ಟೆ. ಅಕ್ಷತಾ ಕುರ್ಚಿಯ ಮೇಲೆ ಮಂಡಿಯೂರಿ, ತನ್ನ ಎಡಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡಿದಳು.

"ಇವು ಏನ್ರಿ, ಹೂವಿನಂಗ?"

"ಅವೇ ನಿನ್ನ ರೋಗ."

"ಭಾಳ ಚಂದ ಅದಾವಲ್ರಿ," ಎಂದು ಬೇಜಾರು ಮಾಡಿಕೊಂಡಳು. ರೋಗ ಕರ್ರಗೆ, ಕೋರೆಹಲ್ಲು ಇಟ್ಟುಕೊಂಡು ಇರುತ್ತದೆ ಎಂದು ತಿಳಿದಿದ್ದಳೋ ಏನೋ.

ನಾನು ಆ ಸ್ಲೈಡ್ ತೆಗೆದು ಇನ್ನೊಂದನ್ನು ಇಟ್ಟೆ, ನರದ ತುದಿಯದನ್ನು. ಹುಡುಗಿ ಮತ್ತೆ ಬಾಗಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ತಲೆ ಎತ್ತಿದಳು.

"ಇದ್ರಾಗ ಏನೂ ಇಲ್ರಿ ಬಾಯಾರ."

"ಹೌದವ್ವಾ," ಎಂದೆ. "ಅದ್ರಾಗ ಏನೂ ಇಲ್ಲ. ಅದಕ್ಕ ನೀ ಇಲ್ಲಿ ಕುಂತೀದಿ."